ಕಛೇರಿಯ ತಿಳಿವಳಿಕೆಗೆ ಹೊಣೆ ಯಾರು?

ಒಂದೇ ಶಾಖೆಯಲ್ಲಿ ದೀರ್ಘಕಾಲ ದುಡಿದ ವಿಷಯ ನಿರ್ವಾಹಕನೊಬ್ಬನು ನಿವೃತ್ತನಾದ ದಿನ, ಯಾವ ಸುತ್ತೋಲೆಯು ಯಾವುದನ್ನು ರದ್ದುಪಡಿಸಿತು, ಯಾವ ಆದೇಶಕ್ಕೆ ಎಂದು ತಿದ್ದುಪಡಿಯಾಯಿತು ಎಂಬ ತಿಳಿವಳಿಕೆಯೂ ಅವನೊಡನೆ ಮನೆಗೆ ಹೊರಟುಹೋಗುತ್ತದೆ. ಅವನ ಸ್ಥಾನಕ್ಕೆ ಬಂದವನಿಗೆ ಉಳಿಯುವುದು ಬೀರು ತುಂಬ ಕಡತಗಳು ಮತ್ತು ಕಂಪ್ಯೂಟರಿನ ತುಂಬ ಸ್ಕ್ಯಾನ್ ಮಾಡಿದ ಹಾಳೆಗಳು. ಮಾಹಿತಿಯ ಸಂಗ್ರಹಣಕ್ಕೆ ಧಾರಾಳವಾಗಿ ವ್ಯಯಿಸುವ ಇಲಾಖೆಗಳು, ಅದನ್ನು ತಮ್ಮ ನೌಕರರಿಗೆ ಸಕಾಲದಲ್ಲಿ ಒದಗಿಸುವ ಸೇವೆಗೆ ಒಬ್ಬ ಹೊಣೆಗಾರನನ್ನು ನೇಮಿಸದಿರುವುದೇ ಈ ದುಃಸ್ಥಿತಿಗೆ ಮೂಲವೆಂದು ನಾನು ಭಾವಿಸುತ್ತೇನೆ.

ಈ ವಿಷಯದಲ್ಲಿ ನಮಗೆ ಮಾರ್ಗದರ್ಶಕರ ಅಭಾವವಿಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಕಾಲವನ್ನು ಉಳಿಸಬೇಕೆಂಬುದು. ಆ ಮಹನೀಯರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು; ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಇಲ್ಲಿ ಸ್ಥಾಪಿಸಿದ ಶಿಕ್ಷಣ ಕೇಂದ್ರವು ಇಂತಹ ಸೇವೆಗೆ ಬೇಕಾದ ಜನರನ್ನು ಅಂದಿನಿಂದಲೂ ಸಿದ್ಧಗೊಳಿಸುತ್ತ ಬಂದಿದೆ. ಅಮೆರಿಕದಲ್ಲಿ ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಎಂಬವರು 1958ರಲ್ಲಿ ಸೂಚಿಸಿದ ಕ್ರಮವೂ ಸ್ಮರಣಾರ್ಹವಾದುದು: ಪ್ರತಿಯೊಬ್ಬ ಉದ್ಯೋಗಿಯ ಆಸಕ್ತಿಗಳ ಪಟ್ಟಿಯನ್ನಿರಿಸಿಕೊಂಡು, ಹೊಸದಾಗಿ ಬಂದ ಬರಹಗಳಲ್ಲಿ ಅವನಿಗೆ ತಕ್ಕವನ್ನು ಮಾತ್ರ ಆಯ್ದು ಕಳುಹಿಸಿ, ಅವನ ಉತ್ತರವನ್ನನುಸರಿಸಿ ಆ ಪಟ್ಟಿಯನ್ನೇ ತಿದ್ದುತ್ತಿರುವುದು. ಮಾಹಿತಿಯಿಲ್ಲದೆ ಇರುವುದಕ್ಕಿಂತ ಅದನ್ನು ಪಡೆದಿರುವುದೇ ಹೆಚ್ಚು ಕಷ್ಟಕರವಾದಲ್ಲಿ ಜನರು ಮಾಹಿತಿ ಶೋಧನೆಯ ವ್ಯವಸ್ಥೆಯನ್ನು ಬಳಸಲಾರರೆಂದು ಆ ಕ್ಷೇತ್ರದ ತಜ್ಞರಾದ ಕ್ಯಾಲ್ವಿನ್ ಮೂಯರ್ಸ್ 1959ರಲ್ಲಿಯೇ ಎಚ್ಚರಿಸಿದ್ದರು. ಹಳೆಯ ಆದೇಶವೊಂದನ್ನು ಹುಡುಕಿ ತೆಗೆದವನ ಪಾಲಿಗೆ ಹೊಸ ಕೆಲಸವೇ ಬಹುಮಾನವಾಗಿ ಬರುವ ಕಛೇರಿಯಲ್ಲಿ, ಹುಡುಕದಿರುವುದು ಆಲಸ್ಯವೆನ್ನುವುದಕ್ಕಿಂತ ಲೋಕಾನುಭವವೆನ್ನಬೇಕು.

2005ರ ಮಾಹಿತಿ ಹಕ್ಕು ಅಧಿನಿಯಮದ ನಾಲ್ಕನೆಯ ಪ್ರಕರಣವು, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ, ಸೂಚಿಯೊಡನೆ ಇರಿಸತಕ್ಕದ್ದೆಂದು ವಿಧಿಸುತ್ತದೆ. ಇದನ್ನು ಹೊರಗಿನ ಅರ್ಜಿದಾರನಿಗೆ ತೋರುವ ಅನುಗ್ರಹವೆಂದು ಬಗೆಯುವುದು ರೂಢಿಯಾಗಿದೆ. ಆದರೆ ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕಾದ ಅಧಿಕಾರಿಗೆ ತನ್ನ ಕಛೇರಿಯ ಕಾಗದವೇ ಕೈಗೆ ಸಿಗದಿದ್ದರೆ, ನಾಗರಿಕನ ಹಕ್ಕಿಗೆ ಬೆಲೆಯೆಲ್ಲಿ? ಒಳಗಿನವನಿಗೆ ದೊರೆಯದುದು ಹೊರಗಿನವನಿಗೆ ದೊರೆಯಲಾರದು.

ಹುಡುಕುವ ಕೆಲಸವನ್ನು ಯಂತ್ರವೇ ಮಾಡಬಲ್ಲುದಲ್ಲ, ಮತ್ತೊಂದು ಹುದ್ದೆಯ ಹೊರೆಯೇಕೆ ಎಂಬ ಆಕ್ಷೇಪವು ಸಹಜವಾದುದೇ. ಯಂತ್ರವು ಶಬ್ದಗಳನ್ನು ಕ್ಷಣಾರ್ಧದಲ್ಲಿ ಹುಡುಕೀತು. ಆದರೆ ತನ್ನ ಮುಂದಿರುವ ಮೂರು ಆದೇಶಗಳಲ್ಲಿ ಇಂದು ಜಾರಿಯಲ್ಲಿರುವುದು ಯಾವುದೆಂಬುದನ್ನು, ಯಾರಾದರೂ ವಿವೇಚಿಸಿ ದಾಖಲಿಸಿದ್ದರೆ ಮಾತ್ರ ಭರವಸೆಯಿಂದ ಹೇಳಬಲ್ಲುದು. ಆ ವಿವೇಚನೆಯೇ ಹೊಣೆಗಾರನ ಕೆಲಸ. ಅವನು ಮೊದಲು ಶಾಖೆಗಳಿಗೆ ಹೋಗಿ ನೌಕರರು ಪದೇಪದೇ ಕೇಳುವ ಪ್ರಶ್ನೆಗಳನ್ನು ಅರಿಯಬೇಕು. ಅವುಗಳಿಗೆ ಅನುಗುಣವಾಗಿ ಸೂಚಿಯನ್ನು ರಚಿಸಬೇಕು. ಹೊಸ ಆದೇಶ ಹೊರಟಾಗಲೆಲ್ಲ ಸಂಬಂಧಪಟ್ಟವರಿಗಷ್ಟೇ ಅದನ್ನು ತಲುಪಿಸಿ, ಹಳೆಯದರ ಮೇಲೆ ರದ್ದಾದ ಗುರುತನ್ನು ಹಾಕಬೇಕು. ಅವನ ಕಾರ್ಯವನ್ನು ಅಳೆಯಬೇಕಾದುದು ಸ್ಕ್ಯಾನ್ ಮಾಡಿದ ಪುಟಗಳಿಂದಲ್ಲ, ಉತ್ತರ ಪಡೆದವರ ಉಳಿದ ಸಮಯದಿಂದ.

ಆದ್ದರಿಂದ ಆಯವ್ಯಯದಲ್ಲಿ ಹೊಸ ಯಂತ್ರಗಳನ್ನು ಬೇಡುವ ಇಲಾಖೆಯು ಅವುಗಳೊಡನೆ ಈ ಹುದ್ದೆಯನ್ನೂ ಬೇಡತಕ್ಕದ್ದು. ಬೇಡದಿದ್ದರೆ ಆರ್ಥಿಕ ಇಲಾಖೆಯು ಯಂತ್ರಗಳಿಗೂ ಮಂಜೂರಾತಿಯನ್ನು ನೀಡಬಾರದು.