‘ನೀನಿದ್ದೀಯಲ್ಲ’ ಅನ್ನೋದು ಪ್ಲಾನ್ ಅಲ್ಲ

(1/3)
ಮೊದಲ ಫೋಟೋ ತಿಪಟೂರಿನ ನಮ್ಮನೆ ಹಾಲ್. ಸೋಫಾ ಹುಡುಕಬೇಡಿ, ಕಾಣಲ್ಲ. ಅದರ ಮೇಲೆ ನಾಲ್ಕು ಸೂಟ್‌ಕೇಸ್, ಒಂದು ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ, ಎರಡು ಕೇಜಿ ಕೊಬ್ಬರಿ ಇವೆ. ಅಕ್ಕ-ಭಾವಂಗೆ ಕೆನಡಾ ಪಿಆರ್ ಬಂದಿದೆ. ಇನ್ನು ಮೂರು ವಾರಕ್ಕೆ ಹೊರಡ್ತಾರೆ.

ಮನೆಗೆ ಬಂದವರೆಲ್ಲ ಕೇಳೋದು ಎರಡೇ. ತೂಕ ಎಷ್ಟು ಬಿಡ್ತಾರೆ? ಚಳಿ ಜಾಸ್ತಿನಾ? ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು: ‘ಅಪ್ಪ-ಅಮ್ಮಂಗೇನು ಬಿಡು, ನೀನಿದ್ದೀಯಲ್ಲ.’ ಅದೇ ಉಸಿರಲ್ಲಿ, ‘ನಿನ್ನ ಮದುವೆ ಯಾವಾಗ?’ ಎರಡೂ ಒಟ್ಟಿಗೆ ಹೇಗೆ ಆಗುತ್ತೆ ಅಂತ ಅವರನ್ನೇ ಕೇಳ್ಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬೈಯೋರು ಕೊನೆವರೆಗೂ ಓದಿ ಬೈಯಿರಿ. ಬೇರೆ ದೇಶದಲ್ಲಿ ನೆಲೆಸೋ ತಯಾರಿ ಅಂದ್ರೆ ನಾವು ಅಲ್ಲಿನ ತಯಾರಿ ಅಂತ ಮಾತ್ರ ಅಂದ್ಕೊಂಡಿದ್ದೀವಿ. ಬಿಟ್ಟು ಹೋಗೋ ಮನೆಯ ತಯಾರಿ ಯಾರೂ ಮಾಡಲ್ಲ. ಅದು ತಾನಾಗೇ ಉಳಿದವರ ತಲೆಗೆ ಬರುತ್ತೆ.

ಮೊದಲು ಪಿಆರ್ ಅಂದ್ರೇನು ಅಂತ ತಿಳ್ಕೊಳ್ಳಿ, ಯಾಕಂದ್ರೆ ನಮ್ಮ ದೊಡ್ಡಮ್ಮ ಇನ್ನೂ ‘ಅವಳು ಆ ದೇಶದವಳಾದ್ಲು’ ಅಂತಿದ್ದಾರೆ. ಇಲ್ಲ. ಪಾಸ್‌ಪೋರ್ಟ್ ಭಾರತದ್ದೇ. ಅಲ್ಲಿ ವೋಟು ಇಲ್ಲ. 5 ವರ್ಷದಲ್ಲಿ 730 ದಿನ ಅಲ್ಲಿರಬೇಕು. ಅಂದ್ರೆ ಕಾನೂನಿನ ಪ್ರಕಾರ ಹತ್ತಿರ ಹತ್ತಿರ 3 ವರ್ಷ ಇಲ್ಲೇ ಬಂದಿರಬಹುದು! ಅಕ್ಕ ಇದನ್ನ ಅಮ್ಮಂಗೆ ಹೇಳಿ ಸಮಾಧಾನ ಮಾಡಿದ್ಲು. ಆದ್ರೆ ಹೊಸ ಕೆಲಸ, ಬಾಡಿಗೆ, ಸೊನ್ನೆಯಿಂದ ಶುರು ಮಾಡೋ ಕ್ರೆಡಿಟ್ ಹಿಸ್ಟರಿ ಇವು ಯಾವುದೂ ಅಷ್ಟು ದಿನ ರಜೆ ಕೊಡಲ್ಲ.

(2/3)
ಇನ್ನು ನಮ್ಮನೆ ಕಥೆ. ಅಪ್ಪಂಗೆ ತೆಂಗಿನ ತೋಟ. ಕೊಬ್ಬರಿ ದುಡ್ಡು ಬ್ಯಾಂಕಿಗೆ ಬೀಳುತ್ತೆ. ಒಟಿಪಿ ಮಾತ್ರ ಅಕ್ಕನ ಮೊಬೈಲಿಗೆ ಬರುತ್ತೆ. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಅಮ್ಮನ ಇನ್ಶೂರೆನ್ಸ್, ಎಲ್ಲದಕ್ಕೂ ಅವಳದೇ ನಂಬರ್. ಹತ್ತು ವರ್ಷದಿಂದ ಮನೆಯ ಅರ್ಧ ಆಫೀಸ್ ಅವಳ ಫೋನಲ್ಲಿದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಹೋದ ವಾರ ಕೂತು ಒಂದೊಂದೇ ನಂಬರ್ ಬದಲಾಯಿಸಿದ್ವಿ. ನಾಲ್ಕು ದಿನ ಹಿಡೀತು. ಆ ನಾಲ್ಕು ದಿನ ಅವಳು ಇಲ್ಲಿದ್ದಾಗಲೇ ಸಿಕ್ಕಿದ್ದು ಪುಣ್ಯ.

ಬಿಕಾಂ ಓದ್ತಿರೋದ್ರಿಂದ ಇದೊಂದು ಹೇಳ್ಲೇಬೇಕು. ಖಾಯಂ ಆಗಿ ಹೊರಗೆ ಹೋದ್ಮೇಲೆ ಇಲ್ಲಿನ ಮಾಮೂಲಿ ಸೇವಿಂಗ್ಸ್ ಅಕೌಂಟನ್ನ ಹಾಗೇ ಇಟ್ಕೊಳ್ಳೋ ಹಾಗಿಲ್ಲ, ಎನ್‌ಆರ್‌ಒ ಮಾಡಿಸಬೇಕು. ‘ವರ್ಷ ಆಗ್ಲಿ ನೋಡೋಣ’ ಅಂದ್ರು ಭಾವ. ಇನ್‌ಕಮ್ ಟ್ಯಾಕ್ಸ್‌ಗೆ ದಿನದ ಲೆಕ್ಕ, ಫೆಮಾಗೆ ಹೋಗೋ ಉದ್ದೇಶದ ಲೆಕ್ಕ. ಎರಡೂ ಬೇರೆ ಬೇರೆ. ನಮ್ಮ ಕ್ಲಾಸಲ್ಲೇ ಅರ್ಧ ಜನ ಇದನ್ನ ಬೆರೆಸಿ ಮಾರ್ಕ್ಸ್ ಕಳ್ಕೊಂಡಿದ್ದಾರೆ, ನಾನೂ ಸೇರಿ.

ತೋಟದ ವಿಷಯ ಇನ್ನೂ ಸೂಕ್ಷ್ಮ. 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಎನ್‌ಆರ್‌ಐ ಆದ್ಮೇಲೆ ಕೃಷಿ ಜಮೀನು ಕೊಂಡುಕೊಳ್ಳೋಕೆ ಆಗಲ್ಲ, ಆದ್ರೆ ಹಿರಿಯರಿಂದ ಬರೋದಕ್ಕೆ ಅಡ್ಡಿ ಇಲ್ಲ. ಅಂದ್ರೆ ನಾಳೆ ಯಾವ ಪತ್ರಕ್ಕಾದ್ರೂ ಅವಳ ಸಹಿ ಬೇಕಾಗಬಹುದು. ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸಿದ್ರೆ ಮೊದಲು ಅಲ್ಲಿ ದೃಢೀಕರಣ, ಆಮೇಲೆ ಇಲ್ಲಿ ತಲುಪಿದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ. ಇರುವಾಗಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬಂದ್ರೆ ಇಷ್ಟೆಲ್ಲ ಓಡಾಟ ಇಲ್ಲ. ಇದನ್ನ ಹೇಳಿದ್ದಕ್ಕೆ ಮಾವ ಒಬ್ಬರು, ‘ಈಗಲೇ ಆಸ್ತಿ ಮಾತಾ?’ ಅಂದ್ರು. ಹೌದು ಮಾವ, ಈಗಲೇ.

ಒಡವೆ ಲಾಕರಲ್ಲಿ ಬಿಟ್ಟು ಹೋಗ್ತಿದ್ದೀರಾ? ಕೆನಡಾಗೆ ಮೊದಲ ಸಲ ಇಳಿದಾಗಲೇ ಕಸ್ಟಮ್ಸಿಗೆ ಪಟ್ಟಿ ಕೊಡಬೇಕು. ಜೊತೆಗೆ ತಂದಿದ್ದು ಒಂದು ಪಟ್ಟಿ, ಆಮೇಲೆ ತರೋದು ಇನ್ನೊಂದು. ಒಡವೆಗೆ ಫೋಟೋ, ಬೆಲೆ ಸಮೇತ ಬರೆದಿಡಿ. ಆ ಪಟ್ಟಿಯಲ್ಲಿ ಇಲ್ಲದಿದ್ರೆ ಮುಂದೆ ತಗೊಂಡು ಹೋಗುವಾಗ ಸುಂಕ ಕಟ್ಟಬೇಕಾಗಬಹುದು. ಅಮ್ಮನ ಎರಡೆಳೆ ಸರ ಯಾವ ಪಟ್ಟಿಗೆ ಅಂತ ಒಂದು ಸಂಜೆ ಪೂರ್ತಿ ಚರ್ಚೆ ಆಯ್ತು. ಕೊನೆಗೆ ಅಮ್ಮ, ‘ಅದು ನನ್ನ ಕತ್ತಿನ ಪಟ್ಟಿಗೆ’ ಅಂದ್ಲು.

(3/3)
‘ಅಲ್ಲಿ ಸೆಟಲ್ ಆದ್ಮೇಲೆ ಅಪ್ಪ-ಅಮ್ಮನ್ನ ಕರೆಸ್ಕೋತಾರೆ.’ ಈ ಮಾತು ನೀವೂ ಕೇಳಿರ್ತೀರಿ. ತಂದೆ-ತಾಯಿಗೆ ಪಿಆರ್ ಕೊಡಿಸೋ ಯೋಜನೆಯಲ್ಲಿ 2025ರಲ್ಲೂ ಕರೆದಿದ್ದು 2020ರಲ್ಲಿ ಹೆಸರು ಕೊಟ್ಟವರನ್ನೇ. ಈಗ ಹೋಗೋರು ಆ ಸಾಲಲ್ಲೇ ಇಲ್ಲ. ಸೂಪರ್ ವೀಸಾ ಇದೆ, ಒಂದು ಸಲ ಹೋದ್ರೆ 5 ವರ್ಷದವರೆಗೂ ಇರಬಹುದು. ಆದ್ರೆ ಮಕ್ಕಳಿಗೆ ಇಷ್ಟು ಅಂತ ಆದಾಯ ಇರಬೇಕು, ಕನಿಷ್ಠ 1,00,000 ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ಇದೆಲ್ಲಾ ಆದ್ರೂ, ಬೆಂಗಳೂರಿಗೆ ಹೋದ್ರೆ ಮೂರನೇ ದಿನಕ್ಕೆ ‘ತೋಟಕ್ಕೆ ನೀರು ಬಿಟ್ರೋ ಇಲ್ವೋ’ ಅನ್ನೋ ನಮ್ಮಪ್ಪ ಹೋಗ್ತಾರಾ?

ಅಕ್ಕನ ಮೇಲೆ ಕೋಪ ಇದ್ಯಾ ಅಂತ ಕೇಳ್ಬೇಡಿ. ಅವಳು ಏಳು ವರ್ಷ ಸ್ಟಾಫ್ ನರ್ಸ್. ಪಿಆರ್ ಸಿಕ್ಕಿದ ಮಾತ್ರಕ್ಕೆ ಅಲ್ಲಿ ನರ್ಸ್ ಆಗೋಕಾಗಲ್ಲ. ಹೋಗೋ ಪ್ರಾಂತ್ಯದ ಪ್ರತ್ಯೇಕ ನೋಂದಣಿ, ಎನ್‌ಕ್ಲೆಕ್ಸ್ ಪರೀಕ್ಷೆ ಎಲ್ಲಾ ಆಗಬೇಕು. ಅಲ್ಲೀವರೆಗೂ ಸಿಕ್ಕಿದ ಕೆಲಸ. ಮೊನ್ನೆ ರಾತ್ರಿ ಹಳೇ ಯೂನಿಫಾರಂ ಮಡಚಿ ಇಡಬೇಕಾ ಬಿಡಬೇಕಾ ಅಂತ ಕೈಯಲ್ಲೇ ಹಿಡ್ಕೊಂಡು ಕೂತಿದ್ಲು. ಅವಳೇನೂ ತಪ್ಪಿಸ್ಕೊಂಡು ಓಡ್ತಿಲ್ಲ.

ಅದಕ್ಕೇ ಭಾನುವಾರ ನಾನೇ ಎಲ್ಲರನ್ನೂ ಕೂರಿಸಿದೆ. ಕಾಸ್ಟಿಂಗ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದ್ವಿ. ಅಮ್ಮನ ಶುಗರ್ ಚೆಕಪ್ಪಿಗೆ ಯಾರು ಕರ್ಕೊಂಡು ಹೋಗೋದು, ಖರ್ಚು ಯಾರದು. ನಾನು ತುಮಕೂರಿನ ಹಾಸ್ಟೆಲಲ್ಲಿದ್ದಾಗ ಅಪ್ಪಂಗೆ ರಾತ್ರಿ ಹುಷಾರಿಲ್ಲ ಅಂದ್ರೆ ಮೊದಲ ಫೋನ್ ಯಾರಿಗೆ (ಪಕ್ಕದ್ಮನೆ ಅಂಕಲ್, ಅವರನ್ನ ಕೇಳಿಯೇ ಬರೆದಿದ್ದು). ಅಕ್ಕ ತಿಂಗಳಿಗೆ ಎಷ್ಟು ಕಳಿಸ್ತಾಳೆ, ಮೊದಲ ಆರು ತಿಂಗಳು ಯಾಕೆ ಏನೂ ಕಳಿಸೋಕಾಗಲ್ಲ. ಆ ಕೊನೇದನ್ನ ಹೇಳುವಾಗ ಅವಳು ತಲೆ ತಗ್ಗಿಸಿದ್ಲು. ಅಪ್ಪ, ‘ಬರಿ, ಆರಲ್ಲ, ವರ್ಷ ಅಂತ ಬರಿ’ ಅಂದ್ರು.

ಕೊನೇ ಫೋಟೋ ಆ ಹಾಳೆ. ಕೆಲವು ಸಾಲು ಮುಚ್ಚಿದ್ದೀನಿ, ಬೈಕೋಬೇಡಿ. ಕೆಳಗಿನ ಸಾಲು ನಾನು ಬರೆದಿದ್ದು: ‘ತಂಗಿ ಓದೋಕೋ ಕೆಲಸಕ್ಕೋ ದೂರ ಹೋದ್ರೆ?’ ಅಪ್ಪ ಅದನ್ನ ಓದಿ ಏನೂ ಹೇಳದೆ ಎದ್ದು ತೋಟಕ್ಕೆ ಹೋದ್ರು. ಅದರ ಮುಂದೆ ಕಾಣ್ತಿರೋದು ಅಕ್ಕನ ಅಕ್ಷರ: ‘ಆಗ ನಾನು ಬರ್ತೀನಿ, ಮತ್ತೆ ಕೂತು ಮಾತಾಡೋಣ.’

ಶುಕ್ರವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತಿದ್ದೀವಿ. ಕ್ಯೂ ಎಷ್ಟಿತ್ತು ಅಂತ ಮುಂದಿನ ಪೋಸ್ಟಲ್ಲಿ ಹಾಕ್ತೀನಿ.