ತೆಳು ಡಬ್ಬಿಯಿಂದ ಉಳಿಯುವುದೇನು?

ಸಾಗಣೆ ಖರ್ಚು ತಗ್ಗಿಸಲು ಡಬ್ಬಿಯ ರಟ್ಟನ್ನು ತೆಳುವಾಗಿಸಿ ಎಂದು ಕಳೆದ ಸಂಚಿಕೆಯ ಲೇಖನ ಸಣ್ಣ ಉದ್ದಿಮೆದಾರರಿಗೆ ಬುದ್ಧಿ ಹೇಳಿದೆ. ಬರೆದವರು ಕೊರಿಯರ್ ಬಿಲ್ಲನ್ನು ಬಿಡಿಸಿ ನೋಡಿದಂತಿಲ್ಲ.

ಚನ್ನಪಟ್ಟಣದ ಬೊಂಬೆಯನ್ನೇ ತೆಗೆದುಕೊಳ್ಳಿ. ಹಾಲೆ ಮರದ್ದು, ಹಗುರ; 400 ಗ್ರಾಂ ಎಂದಿಟ್ಟುಕೊಳ್ಳೋಣ. ಕೈಗೆ ಸಿಕ್ಕ 30, 25, 20 ಸೆಂ.ಮೀ. ಅಳತೆಯ ಡಬ್ಬಿಗೆ ಹಾಕಿದಿರೋ, ಉದ್ದ-ಅಗಲ-ಎತ್ತರ ಗುಣಿಸಿ 5000ದಿಂದ ಭಾಗಿಸುವ ಕೊರಿಯರ್ ಲೆಕ್ಕದಲ್ಲಿ ಅದು 3 ಕಿಲೋ! ಬೊಂಬೆಗೆ ತಕ್ಕ 20, 15, 10ರ ಡಬ್ಬಿಯಾದರೆ 600 ಗ್ರಾಂ. (ಕೆಲವರು 4000ದಿಂದ ಭಾಗಿಸಿ ಇನ್ನಷ್ಟು ಬೋಳಿಸುತ್ತಾರೆ, ಆ ಮಾತು ಬೇರೆ.) ಗಾಳಿಗೆ ಬಾಡಿಗೆ ಕಟ್ಟುತ್ತಾ ರಟ್ಟಿನಲ್ಲಿ ಎರಡು ರೂಪಾಯಿ ಉಳಿಸುವುದು ಯಾವ ಸೀಮೆಯ ಜಾಣತನ?

ಮಳೆಗಾಲದ ಗೋದಾಮಿನಲ್ಲಿ ತೆಳು ರಟ್ಟು ತೇವ ಹೀರಿ ಮೆತ್ತಗಾಗುತ್ತದೆ. ಮೇಲೆ ನಾಲ್ಕು ಪಾರ್ಸೆಲ್ ಪೇರಿಸಿದರೆ ಮೂಲೆ ಕುಸಿದು, ಅರಗಿನ ಹೊಳಪಿಗೆ ಗೀರು ಬೀಳುತ್ತದೆ. ವಾಪಸು ಬಂದ ಮಾಲಿನ ಹೋಗಿಬರುವ ಬಾಡಿಗೆ ಸಾಮಾನ್ಯವಾಗಿ ಮಾರಿದವರ ತಲೆಗೇ. ಲೇಖನದಲ್ಲಿ ಈ ಬಾಬತ್ತಿಗೆ ಒಂದು ಸಾಲೂ ಇಲ್ಲ.

ಬಬಲ್ ರ‍್ಯಾಪ್ ಬಿಡಿ ಎಂಬ ಸಲಹೆಗೆ ನನ್ನ ತಕರಾರಿಲ್ಲ. ಆದರೆ ಆ ಜಾಗಕ್ಕೆ ಏನು ತುಂಬಬೇಕು ಎಂದು ಹೇಳಬೇಕಿತ್ತು. ಹಳೇ ಪೇಪರ್ ಉಂಡೆ ಸಾಕು, ಡಬ್ಬಿ ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು ಅಷ್ಟೆ. ಹೆಚ್ಚು ಮಾರುವ ಮಾಲಿನ ಅಳತೆ ಹಿಡಿದು ಎರಡು-ಮೂರು ಸೈಜಿನ ಡಬ್ಬಿಗಳನ್ನು ಸಗಟಾಗಿ ಮಾಡಿಸಿಟ್ಟುಕೊಳ್ಳಿ. ಒಡೆಯುವಂಥದ್ದಕ್ಕೆ ಮೂರು ಪದರ ಬೇಡ, ಐದು ಪದರದ್ದೇ ಇರಲಿ.