ಮನೆಯ ಡಿಶ್‌ನ ದೃಷ್ಟಿ ಎಷ್ಟು ವಿಶಾಲ?

ಬಾಗಲಕೋಟೆಯ ನವನಗರದಲ್ಲಿ ಯಾವುದಾದರೊಂದು ಮಾಳಿಗೆಯನ್ನೇರಿ ಸುತ್ತಲೂ ನೋಡಿದವರಿಗೆ ಒಂದು ಸಂಗತಿ ಗೋಚರವಾಗದಿರದು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗಗಳನ್ನು ಆವರಿಸಿದ ಕಾರಣ, ಸೆಕ್ಟರುಗಳಾಗಿ ವಿಂಗಡಿಸಿ ಕಟ್ಟಿದ ಊರು ಇದು. ಮನೆಗಳ ಬಾಗಿಲುಗಳು ನಾಲ್ಕು ದಿಕ್ಕಿಗೂ ಇವೆ; ಮಾಳಿಗೆಯ ಮೇಲಣ ಡಿಶ್‌ಗಳು ಮಾತ್ರ ಬಹುಮಟ್ಟಿಗೆ ಪೂರ್ವಕ್ಕೂ ದಕ್ಷಿಣಕ್ಕೂ ನಡುವಿನ ಒಂದು ತುಣುಕು ಆಕಾಶವನ್ನೇ ನೋಡುತ್ತಿವೆ. ಹಾಗಾದರೆ ಉಳಿದ ಆಕಾಶ ಬರಿದೋ? ಅಥವಾ ಅಲ್ಲಿಗೆ ನಮ್ಮ ಡಿಶ್‌ಗಳ ದೃಷ್ಟಿ ಮುಟ್ಟದೋ? ಎರಡೂ ಅಲ್ಲವೆಂದೂ, ಈ ಪ್ರಶ್ನೆಯನ್ನು ನಮ್ಮ ಶಾಲೆಗಳು ಕೈಬಿಟ್ಟಿರುವುದು ನಷ್ಟವೆಂದೂ ನಮ್ಮ ಅಭಿಪ್ರಾಯ.

ಮೊದಲು ಆಕಾಶದ ಲೆಕ್ಕ. ಸಮಭಾಜಕ ವೃತ್ತದ ನೇರಕ್ಕೆ 35,786 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯೊಡನೆಯೇ ತಿರುಗುವುದರಿಂದ ನಮ್ಮ ಕಣ್ಣಿಗೆ ನಿಶ್ಚಲವಾಗಿರುವುದಷ್ಟೆ. ಇಂಥ ಉಪಗ್ರಹಗಳೆಲ್ಲ ಒಂದೇ ಕಮಾನಿನ ಮೇಲಿವೆ. ನವನಗರವು ಉತ್ತರ ಅಕ್ಷಾಂಶ 16.2, ಪೂರ್ವ ರೇಖಾಂಶ 75.7 ಡಿಗ್ರಿಗಳ ಆಸುಪಾಸಿನಲ್ಲಿದೆ. ಇಲ್ಲಿಂದ ನೋಡಿದರೆ ಆ ಕಮಾನು ಹೆಚ್ಚು ಕಡಿಮೆ ನೇರ ಪೂರ್ವದಲ್ಲಿ ದಿಗಂತದಿಂದ ಎದ್ದು, ದಕ್ಷಿಣದಲ್ಲಿ 71 ಡಿಗ್ರಿ ಎತ್ತರಕ್ಕೇರಿ, ಪಶ್ಚಿಮದಲ್ಲಿ ಇಳಿಯುವುದು. ಲೆಕ್ಕ ಹಾಕಿದರೆ ಪಶ್ಚಿಮ ರೇಖಾಂಶ 5 ಡಿಗ್ರಿಯಿಂದ ಪೂರ್ವ ರೇಖಾಂಶ 157 ಡಿಗ್ರಿಯವರೆಗಿನ ಸ್ಥಾನಗಳು ನಮ್ಮ ದಿಗಂತದ ಮೇಲಿವೆ. ದಿಗಂತಕ್ಕೆ ಅಂಟಿಕೊಂಡಂತಿರುವ ಉಪಗ್ರಹದ ಅಲೆಗಳು ವಾಯುಮಂಡಲದಲ್ಲಿ ಬಹುದೂರ ಹಾದುಬರಬೇಕು. ಮರ, ಗೋಡೆಗಳೂ ಅಡ್ಡ ಬಂದಾವು. ಆದಕಾರಣ 10 ಡಿಗ್ರಿಗಿಂತ ಕೆಳಗಿನದನ್ನು ಬಿಟ್ಟುಬಿಡೋಣ. ಆಗಲೂ ಪೂರ್ವ ರೇಖಾಂಶ 5ರಿಂದ 146ರವರೆಗೆ, ಅಂದರೆ ಆಫ್ರಿಕಾದ ಪಶ್ಚಿಮಭಾಗದಿಂದ ಆಸ್ಟ್ರೇಲಿಯದ ಪೂರ್ವಭಾಗದವರೆಗಿನ ನೆತ್ತಿಯ ಮೇಲಿರುವ ಉಪಗ್ರಹಗಳು ನಮ್ಮ ಮಾಳಿಗೆಗೆ ಎದುರಾಗಿವೆ. ಹುನಗುಂದ, ಇಳಕಲ್ಲುಗಳ ಬಯಲಿನಲ್ಲಿಯೂ ಇಷ್ಟೇ. ಬಾದಾಮಿಯವರಿಗೆ ಮಾತ್ರ ಎರಡು ಬದಿಯ ಗುಡ್ಡಗಳು ಕಮಾನಿನ ತುದಿಗಳನ್ನು ಕತ್ತರಿಸಬಹುದು; ಮೇಣಬಸದಿಯ ಬಂಡೆಗಳನ್ನು ಸರಿಸುವಂತಿಲ್ಲವಲ್ಲ!

ಮನೆಯ ಡಿಶ್‌ನ ಅಡ್ಡಳತೆ ಸಾಮಾನ್ಯವಾಗಿ 60 ಸೆಂಟಿಮೀಟರು. ಅದು ಹಿಡಿಯುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಈ ಎರಡರ ಪ್ರಮಾಣದಿಂದ ಡಿಶ್‌ನ ನೋಟದ ಅಗಲ ನಿರ್ಧಾರವಾಗುವುದು. ಅದು ಸುಮಾರು 3 ಡಿಗ್ರಿ. ಅಂದರೆ ಒಂದು ಗಳಿಗೆಯಲ್ಲಿ ಅದು ಕಾಣುವುದು ಆ ವಿಶಾಲ ಕಮಾನಿನ ಐವತ್ತರಲ್ಲೊಂದು ಭಾಗವನ್ನು. ಆದರೆ ಅದನ್ನು ತಿರುಗಿಸಬಾರದೆಂದು ಪ್ರಕೃತಿಯ ನಿಯಮವೇನೂ ಇಲ್ಲ. ಚಂದಾ ಕಟ್ಟಿಸಿಕೊಂಡು ಡಿಶ್ ಕೂಡಿಸಿದವನು ಬಿಗಿದ ಬೋಲ್ಟೇ ಆ ನಿಯಮ.

ತಿರುಗಿಸಿದರೆ ಎಲ್ಲವೂ ಕಾಣುವುದೆಂದು ನಾವು ಹೇಳುತ್ತಿಲ್ಲ. ಎದುರಿಗಿರುವುದು ಬೇರೆ, ನಮ್ಮತ್ತ ಬೆಳಕು ಚೆಲ್ಲುವುದು ಬೇರೆ. ಉಪಗ್ರಹದ ಒಡೆಯನು ಯಾವ ದೇಶಕ್ಕೆಂದು ಅಲೆಗಳನ್ನು ಕಳುಹಿಸುವನೋ ಅಲ್ಲಿಯೇ ಅವು ಬಲವಾಗಿ ಬೀಳುವುವು. ಇದಕ್ಕೆ ಏಷ್ಯಾಸ್ಯಾಟ್-1ರ ಕಥೆ ಒಳ್ಳೆಯ ನಿದರ್ಶನ. ಕಕ್ಷೆ ತಪ್ಪಿ ವ್ಯರ್ಥವಾಗಿದ್ದ ಒಂದು ಉಪಗ್ರಹವನ್ನು 1984ರ ನವೆಂಬರಿನಲ್ಲಿ ಅಮೆರಿಕದ ಆಕಾಶನೌಕೆಯವರು ಹಿಡಿದು ಭೂಮಿಗೆ ತಂದರು. ಅದನ್ನೇ ಸರಿಪಡಿಸಿ 1990ರಲ್ಲಿ ಚೀನದ ರಾಕೆಟ್ಟಿನಿಂದ ಪುನಃ ಹಾರಿಸಿದರು. ಅದರ ಅಲೆಗಳು ಭಾರತದ ಮೇಲೂ ಬೀಳುತ್ತಿದ್ದುದರಿಂದ 1991ರಲ್ಲಿ ಸ್ಟಾರ್ ಟಿ.ವಿ. ನಮ್ಮ ಊರುಗಳನ್ನು ಪ್ರವೇಶಿಸಿತು. ಆದರೆ ಅದಕ್ಕೆ ಕೇಬಲ್ ನಡೆಸುವವರ ದೊಡ್ಡ ಡಿಶ್‌ಗಳು ಬೇಕಾದವು. ಆ ಅಲೆಗಳ ಉದ್ದ ಏಳೂವರೆ ಸೆಂಟಿಮೀಟರಿನಷ್ಟು. ಸಣ್ಣ ಡಿಶ್‌ಗೆ ಅವು ಬಲು ಕ್ಷೀಣ, ಮೇಲಾಗಿ ಅದರ ನೋಟದ ಅಗಲ ಆಗ ಸುಮಾರು 9 ಡಿಗ್ರಿಗಳಾಗಿ ನೆರೆಹೊರೆಯ ಉಪಗ್ರಹಗಳೂ ಕಲೆತುಹೋಗುವುವು. ಅಡ್ಡಳತೆ ಮೂರು ಪಟ್ಟಾದರೆ ಹಿಡಿಯುವ ಶಕ್ತಿ ಒಂಬತ್ತು ಪಟ್ಟಾಗುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು.

ಇದೆಲ್ಲ ಪಟ್ಟಣದವರ ವಿದ್ಯೆ, ನಮ್ಮ ಸೀಮೆಗೆ ಹೊಸದು ಎಂದು ಯಾರಾದರೂ ಭಾವಿಸಿದರೆ ಅವರಿಗೆ 1975ನೆಯ ವರ್ಷವನ್ನು ನೆನಪಿಸಬೇಕಾಗುತ್ತದೆ. ಆ ವರ್ಷದ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ನೇರವಾಗಿ ತಲುಪಿಸಿತು. ಕರ್ನಾಟಕದಲ್ಲಿ ಆಯ್ದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಬೇರೆ ಜಿಲ್ಲೆಯಾದುದು 1997ರಲ್ಲಿ. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಹೆಣೆದ, ಮೂರು ಮೀಟರು ಅಗಲದ ಡಿಶ್‌ಗಳ ಮೂಲಕ ಕನ್ನಡದ ಮಾತು ಆಕಾಶದಿಂದ ಹಳ್ಳಿಗಳಿಗೆ ಇಳಿಯಿತು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ ಪಾಠವಾಯಿತು. ಉಪಗ್ರಹವಿದ್ದುದು ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ. ಅಂದರೆ ಈ ಸೀಮೆಯ ಅಂದಿನ ಡಿಶ್‌ಗಳು ನೋಡುತ್ತಿದ್ದುದು ಇಂದಿನವುಗಳಿಗೆ ಹೆಚ್ಚುಕಡಿಮೆ ಬೆನ್ನಾಗಿ, ಪಶ್ಚಿಮಕ್ಕೆ ತುಸು ದಕ್ಷಿಣವಾಗಿ, 40 ಡಿಗ್ರಿ ಎತ್ತರಕ್ಕೆ! ಮನೆಯ ಡಿಶ್‌ನ ಯುಗ ಜಗತ್ತಿಗೆ ಬರುವ ಮುನ್ನವೇ ಅದರ ಪರೀಕ್ಷೆ ನಡೆದ ನೆಲದಲ್ಲಿ, ತಮ್ಮ ಡಿಶ್ ಏನನ್ನು ನೋಡುತ್ತಿದೆಯೆಂದು ಕಾಲೇಜಿನ ವಿದ್ಯಾರ್ಥಿಗೂ ತಿಳಿಯದಿರುವುದು ನಮಗೆ ಸರಿಯೆಂದು ತೋರುವುದಿಲ್ಲ.

ಇದು ಬರಿಯ ಕುತೂಹಲದ ಮಾತೂ ಅಲ್ಲ. ಚಂದಾ ನಿಂತುಹೋದ ಮನೆಗಳಲ್ಲಿ ಡಿಶ್ ತುಕ್ಕು ಹಿಡಿಯುತ್ತ ನಿಂತಿರುವುದನ್ನು ಎಲ್ಲೆಡೆ ಕಾಣಬಹುದು. ಆ ಡಿಶ್ 83 ಡಿಗ್ರಿಯ ಸ್ಥಾನವನ್ನು ನೋಡುತ್ತಿದೆಯೆನ್ನೋಣ. ದೂರದರ್ಶನವು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಚಂದಾ ಬೇಡದ ಪ್ರಸಾರಕ್ಕೆ ಆಧಾರವಾದ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿಯಲ್ಲಿ. 2017ರಲ್ಲಿ ಆರಂಭವಾದ ಸ್ವಯಂ ಪ್ರಭಾ ಪಾಠವಾಹಿನಿಗಳಿಗೂ ಅದೇ ಉಪಗ್ರಹವನ್ನು ಬಳಸಿದರು. ನಡುವಿನ ಅಂತರ ಹತ್ತೂವರೆ ಡಿಗ್ರಿ ಮಾತ್ರ! ಪೆಟ್ಟಿಗೆ ಬೇರೆ ಬೇಕಾದೀತು. ಡಿಶ್ ಅದೇ ಸಾಕು. ಇಂಟರ್‌ನೆಟ್ಟಿಗೆ ತಿಂಗಳು ತಿಂಗಳು ಹಣ ತೆರಲಾರದ ಮನೆಯ ವಿದ್ಯಾರ್ಥಿಗೆ ಈ ಹತ್ತೂವರೆ ಡಿಗ್ರಿ ಅಲ್ಪವಲ್ಲ. ಆದರೂ ಅದನ್ನು ಅಳೆಯಲು ನಾವು ಅವನಿಗೆ ಕಲಿಸುತ್ತಿಲ್ಲ. ಗೋಳದ ತ್ರಿಕೋಣಮಿತಿ ಪರೀಕ್ಷೆಗೆ ಬಾರದೆಂಬ ಉತ್ತರ ಸಿದ್ಧವಾಗಿದೆ. ಪರೀಕ್ಷೆಗೆ ಬಾರದುದು ಮಾಳಿಗೆಗೂ ಬರಬಾರದೆ?

ಹಳೆಯ ಡಿಶ್‌ಗಳನ್ನು ಗುಜರಿಗೆ ಹಾಕುವ ಬದಲು ಒಂದೊಂದನ್ನು ಶಾಲೆಗೆ ಕೊಡಬೇಕು. ಒಂದು ಕೋನಮಾಪಕ, ಒಂದು ದಿಕ್ಸೂಚಿ, ಒಂದು ತೂಗುಗುಂಡು ಇದ್ದರೆ ಪ್ರಯೋಗಶಾಲೆ ಸಿದ್ಧ. ಜಿಸ್ಯಾಟ್-15ಕ್ಕೆ ನವನಗರದಿಂದ ಉತ್ತರದಿಂದ ಬಲಕ್ಕೆ 131 ಡಿಗ್ರಿ, ಎತ್ತರ 62 ಡಿಗ್ರಿ. ಡಿಶ್ ಅಷ್ಟು ಮೇಲಕ್ಕೆ ನೋಡುತ್ತಿರುವಂತೆ ತೋರದು. ಮನೆಯ ಡಿಶ್‌ನಲ್ಲಿ ಅಲೆ ಹಿಡಿಯುವ ಮೂತಿಯನ್ನು ನಡುವಿನಿಂದ ಕೆಳಕ್ಕೆ ಸರಿಸಿರುವುದರಿಂದ ಅದರ ನಿಜವಾದ ನೋಟವು ಮುಖಕ್ಕಿಂತ ಇಪ್ಪತ್ತಕ್ಕೂ ಮಿಕ್ಕಿದ ಡಿಗ್ರಿಗಳಷ್ಟು ಮೇಲಿರುತ್ತದೆ. ಮೊದಲ ಸಲ ತಿರುಗಿಸುವವರು ಎಡವುವುದು ಇಲ್ಲಿಯೇ.

ಉಪಕರಣವೇ ಇಲ್ಲದವರಿಗೆ ಸೂರ್ಯನಿದ್ದಾನೆ. ಮಾರ್ಚ್ 13ರ ಸುಮಾರಿಗೂ ಸೆಪ್ಟೆಂಬರ್ 30ರ ಸುಮಾರಿಗೂ ಸೂರ್ಯನ ಹಗಲಿನ ಹಾದಿಯು ನಮ್ಮೂರಿನ ಆಕಾಶದಲ್ಲಿ ಉಪಗ್ರಹಗಳ ಕಮಾನಿನ ಮೇಲೆಯೇ ಬೀಳುವುದು. ಆ ದಿನ ಡಿಶ್ ನೆಡಬೇಕೆಂದಿರುವ ಜಾಗದಲ್ಲಿ ಒಂದು ಕೋಲನ್ನು ನಿಲ್ಲಿಸಿ, ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಯಾವ ಹೊತ್ತಿನಲ್ಲಿ ಯಾವ ಮರದ, ಯಾವ ಗೋಡೆಯ ನೆರಳು ಬಿತ್ತೆಂದು ಬರೆದಿಡಿರಿ. ಸೂರ್ಯನನ್ನು ನೇರವಾಗಿ ನೋಡಕೂಡದು. ನೆರಳು ಬಿದ್ದ ಹೊತ್ತಿನ ಆಕಾಶ ನಿಮ್ಮ ಡಿಶ್‌ಗೆ ಮುಚ್ಚಿದೆ, ಉಳಿದುದು ತೆರೆದಿದೆ. ಅದೇ ದಿನಗಳಲ್ಲಿ ಬೆಳಿಗ್ಗೆ 11ರ ಆಸುಪಾಸಿಗೆ ಸೂರ್ಯನು ಜಿಸ್ಯಾಟ್-15ರ ಹಿಂದೆ ಹಾಯುವಾಗ ಅವನ ರೇಡಿಯೋ ಗದ್ದಲದಿಂದ ಕೆಲವು ನಿಮಿಷ ಚಿತ್ರ ಒಡೆಯುವುದುಂಟು. ಆಗ ಮಾಳಿಗೆಗೆ ಹೋಗಿ ಡಿಶ್‌ನ ಮೇಲೆ ಮೂತಿಯ ನೆರಳು ಎಲ್ಲಿ ಬಿದ್ದಿದೆಯೆಂದು ಗುರುತು ಮಾಡಿಕೊಳ್ಳಬಹುದು.